ಚಪ್ಪಟೆ ನೆಲದ ಕಷ್ಟಗಳು: ಕಸ್ತಿಯಾ ಬಯಲಿನ ಕಾಲುವೆ ದಂಡೆಯಲ್ಲಿ ಸೈಕಲ್

ಸ್ಪೇನಿನ ಉತ್ತರ ಭಾಗದಲ್ಲಿ, ಕಸ್ತಿಯಾ ಇ ಲೆಯೋನ್ ಸೀಮೆಯ ಪಲೆನ್ಸಿಯಾ, ವಯ್ಯಾದೊಲಿದ್, ಸಮೋರಾ, ಲೆಯೋನ್ ಎಂಬ ನಾಲ್ಕು ಪ್ರಾಂತ್ಯಗಳಿಗೆ ಹರಡಿಕೊಂಡ ಒಂದು ಬಯಲಿದೆ. ಹೆಸರು ತಿಯೆರ್ರಾ ದೆ ಕಾಂಪೋಸ್, ಅಂದರೆ ಹೊಲಗಳ ನಾಡು. ಸಮುದ್ರಮಟ್ಟದಿಂದ 700–800 ಮೀಟರ್ ಎತ್ತರದಲ್ಲಿದ್ದರೂ ನೋಡುವುದಕ್ಕೆ ತಟ್ಟೆಯಂತೆ. ಗೋಧಿ, ಬಾರ್ಲಿ, ಮತ್ತೆ ಗೋಧಿ. ದಿಗಂತದಲ್ಲಿ ಮೊದಲು ಒಂದು ಚರ್ಚ್ ಗೋಪುರ ಕಾಣುತ್ತದೆ; ಅದರ ಕೆಳಗಿನ ಊರು ಕಣ್ಣಿಗೆ ಬೀಳುವಷ್ಟರಲ್ಲಿ ಅರ್ಧ ಗಂಟೆ ಪೆಡಲ್ ತುಳಿದಿರುತ್ತೀರಿ.

ಬೆಟ್ಟ ಹತ್ತಲು ಮನಸ್ಸಿಲ್ಲದವರು ಈ ಬಯಲನ್ನು ಆರಿಸಿಕೊಳ್ಳುತ್ತಾರೆ. ಆರಿಸಿಕೊಳ್ಳಲಿ, ಆದರೆ ಸಲೀಸು ಎಂಬ ಕಾರಣಕ್ಕಲ್ಲ. ಬೆಟ್ಟದ ದಾರಿಯ ಕಷ್ಟ ನಕ್ಷೆಯ ಮೇಲೆಯೇ ಬರೆದಿರುತ್ತದೆ: ಇಷ್ಟು ಏರು, ಇಷ್ಟು ಇಳುಕಲು. ಬಯಲಿನ ಕಷ್ಟಗಳು ಯಾವ ನಕ್ಷೆಯಲ್ಲೂ ಇಲ್ಲ. ಗಾಳಿ, ಜೇಡಿ, ಮುಳ್ಳು, ನೀರು, ಮಧ್ಯಾಹ್ನ ಎರಡಕ್ಕೆ ಮುಚ್ಚುವ ಅಂಗಡಿ ಬಾಗಿಲು. ಇಲ್ಲಿ ದಿನವನ್ನು ಕಿಲೋಮೀಟರಿನಲ್ಲಿ ಅಳೆದು ಹೊರಟವರು ಸೋಲುತ್ತಾರೆ; ಗಡಿಯಾರ ನೋಡಿ ಹೊರಟವರು ಊರು ಮುಟ್ಟುತ್ತಾರೆ.

ಮೊದಲ ಲೆಕ್ಕ ಕಾಲಿನದು. ಘಟ್ಟದ ರಸ್ತೆಯಲ್ಲಿ ಎರಡು ಗಂಟೆ ಹತ್ತಿದರೆ ಅರ್ಧ ಗಂಟೆಯಾದರೂ ಪೆಡಲ್ ನಿಲ್ಲಿಸಿ ಇಳಿಯಬಹುದು. ಇಲ್ಲಿ ಇಳುಕಲೇ ಇಲ್ಲ. ಗಂಟೆಗೆ 15 ಕಿ.ಮೀ. ವೇಗದಲ್ಲಿ, ನಿಮಿಷಕ್ಕೆ 75 ಸುತ್ತು ತುಳಿಯುತ್ತ 60 ಕಿ.ಮೀ. ಹೋದರೆ 18,000 ಸುತ್ತು. ಒಂದೂ ಮಾಫಿ ಇಲ್ಲ. ಅದಕ್ಕಿಂತ ಕೆಟ್ಟದ್ದು ಒಂದೇ ಭಂಗಿ. ಏರು ಬಂದಾಗ ತಾನಾಗಿ ಎದ್ದು ನಿಲ್ಲುವ ಸವಾರ ಇಲ್ಲಿ ಗಂಟೆಗಟ್ಟಲೆ ಸೀಟಿಗೆ ಅಂಟಿಕೊಂಡಿರುತ್ತಾನೆ. ಎರಡನೇ ದಿನಕ್ಕೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ, ಅಂಗೈಯ ಬುಡದಲ್ಲಿ ಹಾಯುವ ನರ ಹ್ಯಾಂಡಲ್‌ಗೆ ಒತ್ತಿಹೋಗುವುದರಿಂದ. ಹ್ಯಾಂಡಲ್ ಒಂದು ಸೆಂಟಿಮೀಟರ್ ಎತ್ತರಿಸುವುದು, ಬಾರ್ ಟೇಪನ್ನು ಎರಡು ಸುತ್ತು ಸುತ್ತುವುದು, ಹತ್ತು ನಿಮಿಷಕ್ಕೊಮ್ಮೆ ಗೇರ್ ಒಂದು ಹಲ್ಲು ಗಟ್ಟಿ ಮಾಡಿ ಇಪ್ಪತ್ತು ಸುತ್ತು ಎದ್ದು ತುಳಿಯುವುದು: ಈ ಮೂರರಿಂದ ಬಹುಮಟ್ಟಿಗೆ ಪರಿಹಾರ. ಸೀಟನ್ನು ಮುಂದಕ್ಕೆ ಬಗ್ಗಿಸಿದರೆ ಮೈಭಾರವೆಲ್ಲ ಅಂಗೈಗೇ ಬರುತ್ತದೆ, ಅದನ್ನು ಮಾತ್ರ ಮಾಡಬೇಡಿ.

ದಾರಿಯ ವಿಷಯಕ್ಕೆ ಬರೋಣ. ಈ ಬಯಲಿಗೆ ಬೆನ್ನೆಲುಬಿನಂತಿರುವುದು ಕನಾಲ್ ದೆ ಕಸ್ತಿಯಾ. 1753ರಲ್ಲಿ ಕೆಲಸ ಶುರುವಾಗಿ 1849ರಲ್ಲಿ ಮುಗಿದ 207 ಕಿ.ಮೀ. ಕಾಲುವೆ. ಆರನೇ ಫೆರ್ನಾಂದೊ ರಾಜನ ಕಾಲದಲ್ಲಿ, ಮಂತ್ರಿ ಎನ್ಸೆನಾದಾನ ಹಂಬಲದಿಂದ ಹುಟ್ಟಿದ್ದು. ಒಳನಾಡಿನ ಗೋಧಿಯನ್ನು ದೋಣಿಯಲ್ಲಿ ಸಾಂತಾಂದೇರ್ ಬಂದರಿಗೆ ಸಾಗಿಸುವ ಯೋಜನೆ. ಕಾಂತಾಬ್ರಿಯಾದ ಬೆಟ್ಟಸಾಲನ್ನು ಅದು ದಾಟಲೇ ಇಲ್ಲ. ತಲೆಮಾರುಗಟ್ಟಲೆ ಅಗೆದು ಮುಗಿಸಿ ಇಪ್ಪತ್ತು ವರ್ಷ ತುಂಬುವ ಮೊದಲೇ ರೈಲು ಬಂದು ಸರಕನ್ನೆಲ್ಲ ಎತ್ತಿಕೊಂಡು ಹೋಯಿತು. ಕಾಲುವೆ ಈಗ ಹೊಲಕ್ಕೆ ನೀರುಣಿಸುತ್ತದೆ. ದೋಣಿಗೆ ಹಗ್ಗ ಕಟ್ಟಿ ಹೇಸರಗತ್ತೆಗಳು ಎಳೆಯುತ್ತಿದ್ದ ದಂಡೆಯ ದಾರಿ ಸೈಕಲ್ ಸವಾರರಿಗೆ ದಕ್ಕಿದೆ. ಆ ದಾರಿಗೆ ಅಲ್ಲಿಯವರು ಇವತ್ತಿಗೂ ಕಮೀನೊ ದೆ ಸಿರ್ಗಾ ಎನ್ನುತ್ತಾರೆ, ಹಗ್ಗದ ದಾರಿ.

ಕಾಲುವೆಗೆ ಮೂರು ಕವಲು, ತಲೆಕೆಳಗಾದ ವೈ ಅಕ್ಷರದ ಆಕಾರ. ಆಲಾರ್ ದೆಲ್ ರೇಯಿಂದ ಕಲಾಓರ್ರಾ ದೆ ರೀಬಾಸ್‌ವರೆಗೆ ಉತ್ತರದ ಕವಲು, ಸುಮಾರು 75 ಕಿ.ಮೀ. ಅಲ್ಲಿಂದ ಮೆದೀನಾ ದೆ ರಿಯೊಸೆಕೊಗೆ ಕಾಂಪೋಸ್ ಕವಲು, 78. ನಡುವೆ ಎಲ್ ಸೆರ್ರೋನ್ ಎಂಬಲ್ಲಿ ಒಡೆದು ವಯ್ಯಾದೊಲಿದ್‌ಗೆ ಇಳಿಯುವ ದಕ್ಷಿಣದ ಕವಲು, 54. ನೀರನ್ನು ಮೆಟ್ಟಿಲಾಗಿ ಇಳಿಸುವ ಬಾಗಿಲುತೊಟ್ಟಿಗಳು, ಅಲ್ಲಿಯ ಮಾತಿನಲ್ಲಿ ಎಸ್ಕ್ಲೂಸಾ, ಒಟ್ಟು 49. ಅವು ಹಂಚಿಹೋಗಿರುವ ಬಗೆ ಸವಾರಿಯ ಸ್ವಭಾವವನ್ನೇ ಬದಲಿಸುತ್ತದೆ. ಉತ್ತರದಲ್ಲಿ 24 ತೊಟ್ಟಿಗಳಿವೆ, ಸರಾಸರಿ ಮೂರು ಕಿಲೋಮೀಟರಿಗೊಂದು. ಪ್ರತಿ ತೊಟ್ಟಿಗೂ ಸದ್ದು ಮಾಡುವ ನೀರು, ಕೆಲವೆಡೆ ಪಾಳುಬಿದ್ದ ಗಿರಣಿ ಅಥವಾ ಕಾವಲುಗಾರನ ಮನೆ. ಕಾಂಪೋಸ್ ಕವಲಿನಲ್ಲಿ 78 ಕಿ.ಮೀ.ಗೆ ಬರೀ ಏಳು. ಮಧ್ಯದ ದೂರ ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ. ಹಳೆಯ ತೊಟ್ಟಿಗಳು ಮೊಟ್ಟೆಯಾಕಾರ, ಆಮೇಲೆ ಕಟ್ಟಿದವು ನೇರ ಆಯತ. ಸೈಕಲ್ ಮೇಲಿಂದಲೇ ಯಾವ ಕಾಲದ್ದೆಂದು ಹೇಳಬಹುದು.

ಆಲಾರ್‌ನಿಂದ ವಯ್ಯಾದೊಲಿದ್‌ಗೆ ಬರುವವರೆಗೆ ನೀರು ಇಳಿಯುವುದು ಸುಮಾರು 150 ಮೀಟರ್. ಕಿಲೋಮೀಟರಿಗೆ ಒಂದು ಮೀಟರ್ ಚಿಲ್ಲರೆ. 'ಇಳಿಮುಖವಾಗಿ ಹೋಗೋಣ' ಎಂದು ಉತ್ತರದಿಂದ ಹೊರಡುವವರು ಇದನ್ನು ನೆನಪಿಡಬೇಕು: ಅಷ್ಟು ಇಳುಕಲನ್ನು ಮೆಲುವಾದ ಎದುರುಗಾಳಿಯೂ ನುಂಗಿಹಾಕುತ್ತದೆ. ದಿಕ್ಕು ನಿರ್ಧರಿಸಬೇಕಾದದ್ದು ಗಾಳಿಯನ್ನು ನೋಡಿ.

ಗಾಳಿಯ ಲೆಕ್ಕ ಕ್ರೂರವಾದದ್ದು. ಮೈಗೆ ತಗಲುವ ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ಗಾಳಿಯಿಲ್ಲದ ದಿನ 18 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ ಅನ್ನಿ. ಎದುರಿನಿಂದ ಅಷ್ಟೇ ವೇಗದ ಗಾಳಿ ಬೀಸಿದರೆ ಒತ್ತಡ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಬದಿಗೆ ತೂಗುಬಿಟ್ಟ ನಾಲ್ಕು ಪ್ಯಾನಿಯರ್ ಚೀಲಗಳಿದ್ದರೆ ಇನ್ನೂ ಹೆಚ್ಚು. ಬಯಲಿನಲ್ಲಿ ತಡೆಯುವ ಮರವೂ ಇಲ್ಲ, ಗುಡ್ಡವೂ ಇಲ್ಲ. ಅಟ್ಲಾಂಟಿಕ್ ಕಡೆಯಿಂದ ಮಳೆ ತರುವ ಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ. ಒಣ ಹವೆಯ ದಿನಗಳಲ್ಲಿ ಈಶಾನ್ಯದಿಂದ ಬೀಸುವುದೂ ಉಂಟು. ಹೊರಡುವ ಹಿಂದಿನ ದಿನ ಸ್ಪೇನಿನ ಹವಾಮಾನ ಸಂಸ್ಥೆ ಆಯೆಮೆಟ್‌ನ ಮುನ್ಸೂಚನೆ ನೋಡಿ, ಮೂರು ದಿನದ ಗಾಳಿ ನೈಋತ್ಯದ್ದಾದರೆ ವಯ್ಯಾದೊಲಿದ್‌ನಿಂದ ಉತ್ತರಕ್ಕೆ, ಈಶಾನ್ಯದ್ದಾದರೆ ಆಲಾರ್‌ನಿಂದ ದಕ್ಷಿಣಕ್ಕೆ. ಸಾಂತಾಂದೇರ್, ಪಲೆನ್ಸಿಯಾ, ವಯ್ಯಾದೊಲಿದ್ ರೈಲುಮಾರ್ಗ ಕಾಲುವೆಯ ಆಸುಪಾಸಿನಲ್ಲೇ ಸಾಗುತ್ತದೆ. ಆಲಾರ್‌ನಲ್ಲೂ ಫ್ರೋಮಿಸ್ತಾದಲ್ಲೂ ನಿಲ್ದಾಣವಿರುವುದರಿಂದ ಯಾವ ತುದಿಯಿಂದಲಾದರೂ ಶುರುಮಾಡಬಹುದು. ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಬಿಚ್ಚದೆ ಏರಿಸಲು ಬಿಡುತ್ತಾರೆ, ಆದರೆ ಜಾಗ ಕೆಲವೇ ಸೈಕಲ್‌ಗಳಿಗೆ, ಮುಂಚೆಯೇ ಕಾಯ್ದಿರಿಸಿ. ಹೈಸ್ಪೀಡ್ ರೈಲಿಗೆ ಬಿಚ್ಚಿ ಚೀಲಕ್ಕೆ ತುಂಬಲೇಬೇಕು. ಮದ್ರೀದ್‌ಗೆ ವಿಮಾನದಲ್ಲಿ ಬರುವವರು ಆವಿಲಾ ಮಾರ್ಗದ ನಿಧಾನದ ರೈಲು ಹಿಡಿದರೆ ಈ ತಾಪತ್ರಯವಿಲ್ಲ.

ದಂಡೆಯ ನೆಲ ಬಹುಪಾಲು ಗಟ್ಟಿಯಾದ ಜಲ್ಲಿಮಣ್ಣು. ಕೆಲವೆಡೆ ಎರಡು ಗಾಲಿಗೆರೆ, ನಡುವೆ ಹುಲ್ಲು. ಟೈರ್ 40ರಿಂದ 47 ಮಿ.ಮೀ. ಅಗಲದ್ದಾದರೆ ನೆಮ್ಮದಿ, 32 ಮಿ.ಮೀ.ನಲ್ಲಿ ಹೋಗಬಹುದು, ಅಂಗೈ ಶಪಿಸುತ್ತದೆ. ಸಾಮಾನೂ ಸೇರಿ ಸವಾರನ ತೂಕ 85–90 ಕೆ.ಜಿ. ಇದ್ದರೆ 40 ಮಿ.ಮೀ. ಟೈರಿಗೆ ಗಾಳಿಯ ಒತ್ತಡ ಹಿಂದೆ 40–45 ಪಿಎಸ್‌ಐ, ಮುಂದೆ 35 ಸಾಕು. ಅದಕ್ಕಿಂತ ಹೆಚ್ಚು ತುಂಬಿದರೆ ಪ್ರತಿ ಕಲ್ಲೂ ಬೆನ್ನಿಗೆ ಮುಟ್ಟುತ್ತದೆ.

ಇನ್ನು ಮುಳ್ಳು. ಕರ್ನಾಟಕದ ಬಯಲುಸೀಮೆಯಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ನೆಗ್ಗಿಲು ಮುಳ್ಳನ್ನು ಪರಿಚಯಿಸಬೇಕಾಗಿಲ್ಲ. ಅದೇ ಗಿಡ, ಅದೇ ಹಳದಿ ಹೂವು, ಸ್ಪೇನಿನ ದಾರಿಬದಿಯಲ್ಲೂ ಹಬ್ಬಿಕೊಂಡಿದೆ. ಅಲ್ಲಿ ಅದಕ್ಕೆ ಅಬ್ರೋಹೊ ಎಂದು ಹೆಸರು. ಕಾಯಿ ಒಣಗಿ ಐದು ಹೋಳಾಗಿ ಒಡೆಯುತ್ತದೆ, ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಮುಖಮಾಡಿರುತ್ತದೆ. ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ ಇದರ ಕಾಟ ಹೆಚ್ಚು. ಓಡುವ ದಾರಿಯ ನಡುವಿಗಿಂತ ಅಂಚಿನಲ್ಲಿ, ಬೆಂಚಿನ ಸುತ್ತ, ಊರಬಾಗಿಲ ಖಾಲಿ ಜಾಗದಲ್ಲಿ ಜಾಸ್ತಿ. ಹಾಗಾಗಿ ವಿಶ್ರಾಂತಿಗೆಂದು ಸೈಕಲ್ಲನ್ನು ಹುಲ್ಲಿಗೆ ತಳ್ಳಿಕೊಂಡು ಹೋಗುವ ಅಭ್ಯಾಸ ಬಿಡಿ, ಎತ್ತಿಕೊಂಡು ಹೋಗಿ.

ಟ್ಯೂಬ್‌ಲೆಸ್ ಟೈರಾದರೆ ಒಂದಕ್ಕೆ 60ರಿಂದ 90 ಮಿ.ಲೀ. ಸೀಲೆಂಟ್, ಅಂದರೆ ಒಳಗಿನಿಂದಲೇ ತೂತು ಮುಚ್ಚುವ ದ್ರವ. ಒಣಹವೆಯಲ್ಲಿ ಅದು ಎರಡು ಮೂರು ತಿಂಗಳಲ್ಲೇ ಒಣಗಿ ರಬ್ಬರ್ ಉಂಡೆಯಾಗಿಬಿಡುತ್ತದೆ. ಮನೆಯಲ್ಲಿ ಯಾವಾಗಲೋ ತುಂಬಿದ್ದನ್ನು ನಂಬಿಕೊಂಡು ಬರುವುದೇ ಬಹಳ ಮಂದಿ ಮಾಡುವ ತಪ್ಪು. ಮುಳ್ಳು ಕಂಡರೆ ಕಿತ್ತು, ತೂತು ಕೆಳಗಾಗುವಂತೆ ಗಾಲಿ ತಿರುಗಿಸಿ ಅರ್ಧ ನಿಮಿಷ ನಿಲ್ಲಿಸಿ. ಒಳಗೆ ಟ್ಯೂಬ್ ಇರುವವರಿಗೆ ಇದೇ ಸಲಹೆ ತಿರುವುಮುರುವು: ಮುಳ್ಳು ಚುಚ್ಚಿದ್ದರೂ ಗಾಳಿ ನಿಂತಿದ್ದರೆ ಅದನ್ನು ತಕ್ಷಣ ಕೀಳಬೇಡಿ, ಮುಳ್ಳೇ ಬಿರಡೆಯಾಗಿರುತ್ತದೆ. ನೆರಳು ಸಿಕ್ಕ ಮೇಲೆ, ಪ್ಯಾಚು ಕೈಗೆ ತೆಗೆದುಕೊಂಡ ಮೇಲೆ ಕೀಳಿ. ಅಂಟು ಹಚ್ಚದೆ ಹಾಗೇ ಒತ್ತುವ ಪ್ಯಾಚು ಈ ಬಿಸಿಲಿಗೆ ನಿಲ್ಲುವುದಿಲ್ಲ. ಮರಳುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳುವಾಗಿ ಹಚ್ಚಿ, ಹೊಳಪು ಹೋಗುವವರೆಗೆ ಕಾದು ಅಂಟಿಸುವ ಹಳೇ ಸೈಕಲ್ ಶಾಪಿನ ವಿಧಾನವೇ ಗಟ್ಟಿ. ಟ್ಯೂಬ್ ಮತ್ತೆ ಹಾಕುವ ಮೊದಲು ಟೈರಿನ ಒಳಮೈಯನ್ನು ಹತ್ತಿಬಟ್ಟೆಯಿಂದ ಒರೆಸಿ; ಮುರಿದ ಮುಳ್ಳಿನ ತುದಿ ಕಣ್ಣಿಗೆ ಕಾಣದು, ಬಟ್ಟೆಗೆ ಸಿಕ್ಕುತ್ತದೆ.

ಮುಳ್ಳಿಗೆ ಮದ್ದುಂಟು, ಜೇಡಿಗೆ ಇಲ್ಲ. ಒಣಗಿದ್ದಾಗ ಸಿಮೆಂಟಿನಂತಿರುವ ಈ ನೆಲ ಒಂದು ಗಂಟೆ ಮಳೆ ಹೊಡೆದರೆ ನಮ್ಮ ಎರೆಹೊಲದಂತೆ ಆಗುತ್ತದೆ. ಗಾಲಿ ಒಂದು ಸುತ್ತಿಗೆ ಒಂದು ಪದರ ಮಣ್ಣು ಎತ್ತಿಕೊಳ್ಳುತ್ತದೆ, ಜಲ್ಲಿ ಮತ್ತು ಹುಲ್ಲು ಅದಕ್ಕೆ ಬೆರೆತು ಗಾರೆಯಾಗುತ್ತದೆ, ಮಡ್‌ಗಾರ್ಡ್ ಮೊದಲು ತುಂಬಿಕೊಳ್ಳುತ್ತದೆ, ಆಮೇಲೆ ಫೋರ್ಕ್, ಆಮೇಲೆ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಹಿಂದಿನ ಡಿರೈಲರ್. ಆ ಹಂತದಲ್ಲಿ 'ಇನ್ನೊಂದಿಷ್ಟು ದೂರ' ಎಂದು ಗಟ್ಟಿಯಾಗಿ ತುಳಿದರೆ ಚೈನು ಸಿಕ್ಕಿಕೊಂಡು ಡಿರೈಲರನ್ನು ಹಿಂದಕ್ಕೆ ಎಳೆಯುತ್ತದೆ, ಅದು ಕಡ್ಡಿಗಳೊಳಗೆ ನುಗ್ಗುತ್ತದೆ, ಹ್ಯಾಂಗರ್ ಮುರಿಯುತ್ತದೆ. ಹ್ಯಾಂಗರ್ ಎಂಬುದು ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ, ಫ್ರೇಮ್ ಉಳಿಸಲೆಂದೇ ಮುರಿಯುವಂತೆ ಮಾಡಿದ ಅಲ್ಯೂಮಿನಿಯಂ ತುಂಡು. ಪ್ರತಿ ಫ್ರೇಮಿಗೂ ಬೇರೆ ಆಕಾರ. ಹಳ್ಳಿಯಲ್ಲಂತೂ ಬಿಡಿ, ವಯ್ಯಾದೊಲಿದ್‌ನ ಅಂಗಡಿಯಲ್ಲೂ ನಿಮ್ಮದು ಸಿಗುವ ಖಾತ್ರಿಯಿಲ್ಲ. ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಂಡೇ ಬನ್ನಿ. ಜೊತೆಗೆ ಚೈನ್ ಕಟರ್, ತುಂಡಾದ ಚೈನು ಜೋಡಿಸುವ ಎರಡು ಕ್ವಿಕ್ ಲಿಂಕ್ ಕೊಂಡಿ, ಹಿಂಗಾಲಿಯ ಗೇರ್ ಬದಿಯ ಅಳತೆಯ ಮೂರು ಕಡ್ಡಿ. ಕಟರ್ ಇದ್ದರೆ ಚೈನನ್ನು ತುಂಡರಿಸಿ, ಡಿರೈಲರ್ ಬಿಟ್ಟು, ನಡುವಿನ ಹಲ್ಲುಚಕ್ರವೊಂದಕ್ಕೆ ಬಿಗಿಯಾಗಿ ಕಟ್ಟಿ ಒಂದೇ ಗೇರಿನಲ್ಲಿ ಊರು ಸೇರಬಹುದು. ಬಯಲಿಗೆ ಒಂದೇ ಗೇರ್ ಸಾಕು, ಈ ನೆಲದ ಏಕೈಕ ಔದಾರ್ಯ ಅದು.

ಮಳೆಯ ಮರುದಿನ ಡಾಂಬರು ರಸ್ತೆಗೆ ಬೀಳುವುದರಲ್ಲಿ ಅವಮಾನವೇನಿಲ್ಲ. ಪಲೆನ್ಸಿಯಾ ಪ್ರಾಂತ್ಯದ ಊರೂರ ನಡುವಿನ ಕಿರುರಸ್ತೆಗಳಲ್ಲಿ ವಾಹನ ಅಪರೂಪ. ಸೈಕಲ್ ದಾಟುವ ಕಾರು ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ಕಾನೂನಿದೆ, ಹೆಚ್ಚಿನವರು ಪಾಲಿಸುತ್ತಾರೆ. ಊರ ಹೊರಗಿನ ರಸ್ತೆಯಲ್ಲಿ ಹೆಲ್ಮೆಟ್ ಕಡ್ಡಾಯ.

ಆಲಾರ್‌ನಿಂದ ಮೊದಲ ದಿನ ಫ್ರೋಮಿಸ್ತಾ, ಸುಮಾರು 60 ಕಿ.ಮೀ. ಊರು ಮುಟ್ಟುವ ಜಾಗದಲ್ಲೇ ನಾಲ್ಕು ಮೊಟ್ಟೆಯಾಕಾರದ ತೊಟ್ಟಿಗಳು ಒಂದರ ಬೆನ್ನಿಗೊಂದು 14 ಮೀಟರ್ ಇಳಿಯುತ್ತವೆ. ಊರೊಳಗೆ ಸಾನ್ ಮಾರ್ತೀನ್ ಚರ್ಚು, 11ನೇ ಶತಮಾನದ ರೊಮಾನೆಸ್ಕ್ ಕಟ್ಟಡ. ಸೂರಿನಂಚಿನ ಕೆಳಗೆ 300ಕ್ಕೂ ಹೆಚ್ಚು ಕಲ್ಲಿನ ಚಾಚುಗಳು: ಮಂಗ, ತೋಳ, ವಾದ್ಯ ನುಡಿಸುವವ, ಹಲ್ಲು ಕಿರಿಯುವವ. ದುರಸ್ತಿಯ ಹೆಸರಿನಲ್ಲಿ ಇದನ್ನು ಹೊಸದರಂತೆ ತಿದ್ದಿಬಿಟ್ಟರೆಂಬ ದೂರಿದೆ, ನನಗೂ ಅದು ಸರಿಯೆನಿಸುತ್ತದೆ. ಆದರೂ ಚಾಚುಗಳಿಗಾಗಿ ಒಂದು ಸುತ್ತು ನಿಧಾನವಾಗಿ ಹಾಕಿ. ಫ್ರೋಮಿಸ್ತಾದಲ್ಲಿ ಕಾಲುವೆಯನ್ನು ಕ್ರೈಸ್ತರ ಸಾಂತಿಯಾಗೊ ಯಾತ್ರೆಯ ಕಾಲ್ನಡಿಗೆ ದಾರಿ ದಾಟುವುದರಿಂದ ಮಲಗಲು ಜಾಗ, ಊಟಕ್ಕೆ ಹೋಟೆಲ್ ಎರಡೂ ಸುಲಭ. ಮುಂದಿನ ಊರುಗಳಿಗೆ ಆ ಭಾಗ್ಯವಿಲ್ಲ.

ಎರಡನೇ ದಿನ ಪಲೆನ್ಸಿಯಾ. ಮೂರು, ನಾಲ್ಕನೇ ದಿನ ಕಾಂಪೋಸ್ ಕವಲು, ನಿಜವಾದ ಬಯಲು. ಬೆಸೆರ್ರಿಲ್‌ನಲ್ಲಿ ಪಾಳುಬಿದ್ದಿದ್ದ ಸಾನ್ ಪೆದ್ರೊ ಚರ್ಚನ್ನು ಖಗೋಳದ ತಾಣವಾಗಿ ಎತ್ತಿನಿಲ್ಲಿಸಿದ್ದಾರೆ; ನೆಲಕ್ಕೆ ಮಧ್ಯಾಹ್ನರೇಖೆ ಎಳೆದಿದೆ. ಪರೇದೆಸ್ ದೆ ನಾವಾ ಚಿತ್ರಕಾರ ಪೆದ್ರೊ ಬೆರ್ರುಗೆತೆ ಮತ್ತು ಅವನ ಮಗ, ಶಿಲ್ಪಿ ಅಲೋನ್ಸೊ ಹುಟ್ಟಿದ ಊರು. ಫುಯೆಂತೆಸ್ ದೆ ನಾವಾದ ಪಕ್ಕ ಲಗೂನಾ ದೆ ಲಾ ನಾವಾ, ಹಿಂದೆ 'ಕಾಂಪೋಸ್ ಸಮುದ್ರ' ಅನ್ನಿಸಿಕೊಂಡಿದ್ದ ಜೌಗು. ಅದನ್ನು ಬತ್ತಿಸಿ ಹೊಲ ಮಾಡಿದರು, 1990ರಿಂದ ಒಂದು ಭಾಗಕ್ಕೆ ಮತ್ತೆ ನೀರು ಬಿಟ್ಟರು. ಚಳಿಗಾಲದಲ್ಲಿ ಬೂದು ಹೆಬ್ಬಾತುಗಳು ಬಂದಿಳಿಯುತ್ತವೆ.

ಇಲ್ಲಿ ಕಲ್ಲು ದುರ್ಲಭ. ಹಾಗಾಗಿ ಊರಿಗೆ ಊರೇ ಮಣ್ಣಿನದು, ಜೇಡಿಗೆ ಗೋಧಿಹುಲ್ಲು ಕಲಸಿ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆ. ಕಲ್ಲೇನಾದರೂ ಇದ್ದರೆ ಅದು ಚರ್ಚಿಗೆ ಹೋಗಿರುತ್ತದೆ. ಹೊಲದ ನಡುವೆ ದುಂಡಗೋ ಚೌಕವಾಗಿಯೋ ನಿಂತ ಕಿಟಕಿಯಿಲ್ಲದ ಮಣ್ಣಿನ ಕಟ್ಟಡಗಳು ಪಾರಿವಾಳದ ಗೂಡುಮನೆಗಳು. ಮಾಂಸಕ್ಕೂ ಗೊಬ್ಬರಕ್ಕೂ ಸಾಕುತ್ತಿದ್ದರು. ವರ್ಷವರ್ಷ ಮಣ್ಣು ಮೆತ್ತದಿದ್ದರೆ ಇವು ಮೇಲಿಂದ ಕರಗುತ್ತ ಬರುತ್ತವೆ, ಮೆತ್ತುವ ಕೈಗಳು ಊರುಬಿಟ್ಟು ನಗರ ಸೇರಿವೆ. ನೂರು ಜನವಿಲ್ಲದ ಊರುಗಳು ಎಷ್ಟೋ. ಇದು ಬರೀ ಬೇಸರದ ಸಂಗತಿಯಲ್ಲ, ನಿಮ್ಮ ಊಟದ ಸಂಗತಿಯೂ ಹೌದು: ನಕ್ಷೆಯಲ್ಲಿ ಊರಿದೆ ಎಂದ ಮಾತ್ರಕ್ಕೆ ಅಂಗಡಿಯಿದೆ ಎಂದಲ್ಲ. ಬ್ರೆಡ್ಡಿನ ವ್ಯಾನು ಬೆಳಗ್ಗೆ ಹಾರ್ನ್ ಹೊಡೆಯುತ್ತ ಬಂದು ಹೋಗುತ್ತದೆ, ಅಷ್ಟೇ.

ಅಂಗಡಿಯಿರುವಲ್ಲಿಯೂ ಮಧ್ಯಾಹ್ನ ಎರಡರಿಂದ ಐದರವರೆಗೆ ಬಾಗಿಲು ಮುಚ್ಚಿರುತ್ತದೆ, ಭಾನುವಾರವಿಡೀ ಮುಚ್ಚಿರುತ್ತದೆ. ಹೋಟೆಲಿನ ಅಡುಗೆಮನೆ ಮಧ್ಯಾಹ್ನ ಒಂದೂವರೆಗೆ ಮುಂಚೆ, ರಾತ್ರಿ ಒಂಬತ್ತಕ್ಕೆ ಮುಂಚೆ ಏಳುವುದಿಲ್ಲ. ಗಡಿಯಾರವೂ ಮೋಸ ಮಾಡುತ್ತದೆ. ಸ್ಪೇನ್ ತನಗಿಂತ ಪೂರ್ವದ ದೇಶಗಳ ಹೊತ್ತನ್ನು ಇಟ್ಟುಕೊಂಡಿರುವುದರಿಂದ ಜೂನ್ ಕೊನೆಗೆ ಸೂರ್ಯ ಮುಳುಗುವಾಗ ಹತ್ತು ಗಂಟೆ. ಬಿಸಿಲು ತೀರಾ ಸುಡುವುದು ಸಂಜೆ ಐದು, ಆರಕ್ಕೆ. 'ನಾಲ್ಕರ ಮೇಲೆ ತಂಪಾಗುತ್ತದೆ, ಆಗ ಹೊರಡೋಣ' ಎಂಬ ನಮ್ಮ ಅಂದಾಜು ಅಲ್ಲಿ ಪೂರ್ತಿ ತಲೆಕೆಳಗು. ಬೆಳಕು ಹರಿಯುತ್ತಲೇ ಹೊರಟು ಮಧ್ಯಾಹ್ನ ಒಂದಕ್ಕೆ ಆ ದಿನದ ಸವಾರಿ ಮುಗಿಸಿ. ಬೆಳಗಿನ ಹೊತ್ತು ಗಾಳಿಯೂ ಕಡಿಮೆ. ಜುಲೈ, ಆಗಸ್ಟ್ ಬಿಟ್ಟು ಮೇ ಅಥವಾ ಸೆಪ್ಟೆಂಬರ್ ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಮೇ ತಿಂಗಳ ಹಸಿರು ಗೋಧಿಯ ನಡುವೆ ಕೆಂಪು ಗಸಗಸೆ ಹೂವು ಸಿಗುತ್ತದೆ, ಜೊತೆಗೆ ಮಳೆಯ ಜೇಡಿಯೂ.

ನೀರು ಒಬ್ಬರಿಗೆ ಮೂರು ಲೀಟರ್. ಊರ ಕೊಳಾಯಿಯ ಮೇಲೆ 'ನೊ ಪೊತಾಬ್ಲೆ' ಎಂದಿದ್ದರೆ ಕುಡಿಯಬಾರದು. 'ನೊ ತ್ರಾತಾದಾ' ಅಂದರೆ ಶುದ್ಧಿಮಾಡಿಲ್ಲ ಎಂದು. ಸುತ್ತೆಲ್ಲ ರಸಗೊಬ್ಬರದ ಹೊಲಗಳಿರುವಾಗ ಅದನ್ನೂ ಬಿಡುವುದೇ ಲೇಸು. ಕಾಲುವೆಯ ನೀರಂತೂ ಫಿಲ್ಟರ್ ಹಾಕಿಯೂ ಬೇಡ.

ಸಸ್ಯಾಹಾರಿಗಳಿಗೆ ಒಂದು ಮಾತು. 'ಸಿನ್ ಕಾರ್ನೆ' ಎಂದರೆ ಮಾಂಸವಿಲ್ಲದೆ ಎಂದರ್ಥ, ಆದರೆ ಒಣ ಹಂದಿಮಾಂಸದ ಚೂರು, ಟ್ಯೂನಾ ಮೀನು ಇವನ್ನು ಮಾಂಸದ ಲೆಕ್ಕಕ್ಕೇ ಹಿಡಿಯದ ಅಡುಗೆಯವರು ಬಹಳ. 'ಸಿನ್ ಹಾಮೋನ್, ಸಿನ್ ಚೊರೀಸೊ, ಸಿನ್ ಆತೂನ್' ಎಂದು ಬಿಡಿಸಿ ಹೇಳಿ. ಈ ಸೀಮೆಯ ಪುಟ್ಟ ಕಂದು ಮಸೂರಕ್ಕೆ ಹೆಸರಿದೆ, ಆದರೆ ಅದನ್ನು ಸಾಸೇಜಿನ ಜೊತೆಗೇ ಬೇಯಿಸಿಟ್ಟಿರುತ್ತಾರೆ. ಬೆಳ್ಳುಳ್ಳಿ ಸೂಪನ್ನೂ ಕೇಳಿಯೇ ತೆಗೆದುಕೊಳ್ಳಿ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೋರ್ತಿಯಾ ಎಲ್ಲೆಡೆ ಸಿಗುತ್ತದೆ. ಕುರಿಹಾಲಿನ ಗಟ್ಟಿ ಚೀಸು, ಬ್ರೆಡ್ಡು, ಟೊಮೇಟೊ ಚೀಲದಲ್ಲಿದ್ದರೆ ಭಾನುವಾರದ ಚಿಂತೆಯಿಲ್ಲ.

ಕಾಲುವೆ ಮೆದೀನಾ ದೆ ರಿಯೊಸೆಕೊದಲ್ಲಿ ಒಂದು ದೊಡ್ಡ ಕೊಳವಾಗಿ ನಿಂತುಬಿಡುತ್ತದೆ, ಪಕ್ಕದಲ್ಲಿ ಹಳೆಯ ಹಿಟ್ಟಿನ ಗಿರಣಿ. ಹಲವರು ಅಲ್ಲಿಗೇ ಮುಗಿಸುತ್ತಾರೆ. ಇನ್ನೆರಡು ದಿನ ಇದ್ದರೆ ದಕ್ಷಿಣಕ್ಕೆ, ತೊರೋಸೋಸ್ ಎಂಬ ಮೇಲ್ಬಯಲಿಗೆ ಹತ್ತಿ. ಸುಮಾರು ನೂರು ಮೀಟರ್ ಏರು, ನಾಲ್ಕು ದಿನ ಒಂದೇ ಭಂಗಿಯಲ್ಲಿ ಕೂತ ಸೊಂಟಕ್ಕೆ ಅದೇ ಹಿತ. 1147ರಲ್ಲಿ ಹುಟ್ಟಿದ ಲಾ ಸಾಂತಾ ಎಸ್ಪೀನಾ ಮಠ, ಸಾನ್ ಸೆಬ್ರಿಯಾನ್ ದೆ ಮಸೋತೆಯಲ್ಲಿ ಕುದುರೆಲಾಳದ ಕಮಾನುಗಳ 10ನೇ ಶತಮಾನದ ಚರ್ಚು, ಆಮೇಲೆ ಮೇಲ್ಬಯಲಿನ ತುತ್ತತುದಿಯಲ್ಲಿ ಕೋಟೆಗೋಡೆ ಸುತ್ತಿಕೊಂಡ ಉರುವೆನ್ಯಾ. ಇನ್ನೂರರ ಆಸುಪಾಸಿನ ಜನ, 2007ರಿಂದ 'ಪುಸ್ತಕಗಳ ಊರು', ಬೀದಿಯುದ್ದಕ್ಕೂ ಪುಸ್ತಕದಂಗಡಿ. ಇಲ್ಲಿನ ಚರ್ಚುಗಳಿಗೆ ಬೀಗ ಹಾಕಿರುವುದೇ ಹೆಚ್ಚು. ಬೀಗದಕೈ ಪಕ್ಕದ ಮನೆಯಲ್ಲಿರುತ್ತದೆ, ಯಾರ ಮನೆ ಎಂದು ಊರಿನ ಬಾರಿನಲ್ಲಿ ಕೇಳಬೇಕು. ಕೋಟೆಯ ಮೇಲಿಂದ ಪಶ್ಚಿಮಕ್ಕೆ ನೋಡಿದರೆ ಬಯಲು ಪೂರ್ತಿ ಕಾಣುತ್ತದೆ.

ಉರುವೆನ್ಯಾದಿಂದ ತೊರ್ದೆಸೀಯಾಸ್‌ಗೆ ಹೋಗುವಾಗ ವಿಯಾಲಾರ್ ದೆ ಲೊಸ್ ಕೊಮುನೇರೊಸ್ ಮುಟ್ಟಿಕೊಂಡು ಹೋಗಿ. ಚಕ್ರವರ್ತಿ ಕಾರ್ಲೊಸನ ವಿರುದ್ಧ ದಂಗೆಯೆದ್ದ ಕಸ್ತಿಯಾದ ಪಟ್ಟಣಗಳ ಪಡೆ 1521ರ ಏಪ್ರಿಲ್ 23ರಂದು ಇಲ್ಲಿ ಸೋತಿತು. ಅಂದು ಜಡಿಮಳೆ. ತೊರೊ ಊರು ಸೇರಿಕೊಳ್ಳಲು ಹೊರಟಿದ್ದ ಕಾಲಾಳುಗಳು ಇದೇ ಜೇಡಿಯಲ್ಲಿ ಹೂತುಕೊಂಡರು, ರಾಜನ ಕುದುರೆಪಡೆ ಹಿಂದಿನಿಂದ ಬಂದು ಮುಗಿಸಿತು. ಮರುದಿನ ಪಾದೀಯಾ, ಬ್ರಾವೊ, ಮಾಲ್ದೊನಾದೊ ಎಂಬ ಮೂವರು ನಾಯಕರ ತಲೆ ಹೊಡೆದರು. ಏಪ್ರಿಲ್ 23 ಈಗ ಇಡೀ ಕಸ್ತಿಯಾ ಇ ಲೆಯೋನ್ ಸೀಮೆಗೆ ರಜಾದಿನ. ವಿಯಾಲಾರ್‌ನಲ್ಲಿ ಅಂದು ಜಾತ್ರೆಯಷ್ಟು ಜನ, ಮಿಕ್ಕ ಊರುಗಳಲ್ಲಿ ಅಂಗಡಿಗಳು ಬಂದ್. ಹಿಂದಿನ ದಿನವೇ ಬ್ರೆಡ್ಡು, ಚೀಸು ಕೊಂಡಿಟ್ಟುಕೊಳ್ಳಿ; ರಾತ್ರಿ ಮಳೆ ಬಿದ್ದಿದ್ದರೆ ಹೊಲದ ಕಾಲುದಾರಿ ಬಿಟ್ಟು ಡಾಂಬರು ಹಿಡಿಯಿರಿ.